ಡ್ರೋನಿನ ಹಣೆ ಎಲ್ಲಿದೆ?

ಇವತ್ತು ನನ್ನ ಡ್ರೋನ್ ಪೈಲಟ್ ಪರೀಕ್ಷೆಯ ಹಾರಾಟವಿತ್ತು ಗೆಳೆಯರೇ, ಸೊಲ್ಲಾಪುರ ರಸ್ತೆಯ ಪಕ್ಕದ ಮೈದಾನದಲ್ಲಿ. ಡ್ರೋನು ಸುಣ್ಣದ ವೃತ್ತದ ಮೇಲೆ ಅಲುಗದೆ ನಿಲ್ಲಬೇಕು. ನನ್ನದು ಗಾಳಿಯೇ ಇಲ್ಲದಿದ್ದರೂ ಗೆರೆಯತ್ತ ಜಾರತೊಡಗಿತು.

"ಗೆರಿ ದಾಟಿದ್ರ ಫೇಲ್ ನೋಡ್ರಿ," ಎಂದರು ಪರೀಕ್ಷಕರು.

ದಾಟಿಯೇ ಬಿಟ್ಟಿತು. ಇಳಿಸಿ ಮಗುಚಿ ನೋಡಿದರೆ, ನೆಲ ನೋಡಿ ಡ್ರೋನನ್ನು ಒಂದೇ ಕಡೆ ನಿಲ್ಲಿಸುವ ಕ್ಯಾಮೆರಾದ ಗಾಜಿನ ಮೇಲೆ ದಪ್ಪಗೆ ಕುಂಕುಮ!

ಬಿಜ್ಜರಗಿಯಿಂದ ಜೊತೆಗೆ ಬಂದಿದ್ದ ಅತ್ತೆ ಹೆಮ್ಮೆಯಿಂದ ಹೇಳಿದರು: "ನಾನ ಹಚ್ಚೀನಿ ಯವ್ವಾ. ಹಣಿ ಎಲ್ಲೈತಂತ ತಿಳೀಲಿಲ್ಲ, ಹೊಳಿಯೂ ಜಾಗಾ ನೋಡಿ ಹಚ್ಚಿದೆ."

ಪರೀಕ್ಷಕರು ನಗಲಿಲ್ಲ. "ಹಾರಿಸೂ ಮೊದಲ ಗಾಜು ಒರಸಬೇಕಿಲ್ಲೇನ್ರಿ?"

ಒರೆಸಬೇಕು. ಮೊನ್ನೆ ಲಿಖಿತ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ನನಗೆ ಪೂರ್ತಿ ಅಂಕ.