ಸಿಹಿನೀರಿನಲ್ಲಿ ತೊಳೆದ ಕಲ್ಲು

ದುಬೈಯಿಂದ ಬರುವವರು ಸೆಂಟು ತರುತ್ತಾರೆ, ಕಂಬಳಿ ತರುತ್ತಾರೆ, ಟೇಪ್ ರೆಕಾರ್ಡರ್ ತರುತ್ತಾರೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ನನಗೆ ತಂದದ್ದು ಒಂದು ಚೀಲ ಉಪ್ಪು. ಕಡಲಿನ ಮೀನು ಸಾಕುವವರು ನೀರಿಗೆ ಬೆರೆಸುವ ಉಪ್ಪು. ಜೊತೆಗೆ ತೊಟ್ಟಿಯ ನೀರನ್ನು ತಿರುಗಿಸುತ್ತಿರುವ ಒಂದು ಪುಟ್ಟ ಪಂಪು, ಬಣ್ಣದ ಚಿತ್ರಗಳ ಒಂದು ಪುಸ್ತಕ. ಬಂಟ್ವಾಳದ ನಮ್ಮ ಮನೆಯಲ್ಲಿ ಆ ಚೀಲ ಬಿಚ್ಚಿದಾಗ ಉಮ್ಮ ಹಣೆ ಚಚ್ಚಿಕೊಂಡರು. "ಕಡಲಿನ ಊರಿಗೆ ವಿಮಾನದಲ್ಲಿ ಉಪ್ಪು! ಅಳಿಯ ಆದ ಕಾರಣ ಬೈಯುವ ಹಾಗೂ ಇಲ್ಲ," ಎಂದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಮೂಡುಬಿದಿರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ಒಂದು ಜೈನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಮನೆಯ ಯಜಮಾನಿಗೆ ಅರವತ್ತು ದಾಟಿತ್ತು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ಟ್ರು ಎನ್ನುತ್ತಿದ್ದರು. ಕೋಣೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ಮೀನು ಮಾಂಸ ಅಂಗಳ ದಾಟಿ ಒಳಗೆ ಬರಬಾರದು. ಬ್ಯಾರಿ ಮುಸ್ಲಿಮರ ಮನೆಯಲ್ಲಿ ಹುಟ್ಟಿದವನಿಗೆ ಅದು ಸಣ್ಣ ಷರತ್ತೇನಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬಂಗುಡೆ ಸಾರು ಉಂಡು, ಎರಡೆರಡು ಸಲ ಸೋಪು ಹಾಕಿ ಕೈ ತೊಳೆದು ಕೋಣೆಗೆ ಬರುತ್ತಿದ್ದೆ. ಕೋಣೆ ಅಷ್ಟು ಚೆನ್ನಾಗಿತ್ತು, ಅಮ್ಮನೂ ಅಷ್ಟು ಒಳ್ಳೆಯವರು.

ಕೋಣೆಯಲ್ಲಿ ಮೀನಿನ ತೊಟ್ಟಿ ಇಡುವ ಮೊದಲು ಅವರ ಅಪ್ಪಣೆ ಕೇಳಿದೆ.

"ಜೀವ ಇರುವ ಮೀನಾ?" ಎಂದರು.

"ಹೌದಮ್ಮ, ಜೀವ ಇರುವುದೇ."

"ಹಾಗಾದರೆ ಅಡ್ಡಿ ಇಲ್ಲ. ಸಾಯದ ಹಾಗೆ ನೋಡಿಕೊಂಡರೆ ಆಯಿತು."

ಮೊದಲನೆಯ ಮಾತು ನನ್ನ ಕಿವಿಗೆ ಬಿತ್ತು. ಎರಡನೆಯದನ್ನು ನಾನು ಗಮನಿಸಲೇ ಇಲ್ಲ.

ಬಿ.ಸಿ.ರೋಡಿನ ಗಾಜಿನ ಅಂಗಡಿಯಲ್ಲಿ ತೊಟ್ಟಿ ಮಾಡಿಸಿ, ವ್ಯಾನಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಉಪ್ಪು ಬೆರೆಸಿ ನೀರು ತುಂಬಿಸಿ ಪಂಪು ಹಾಕಿದೆ. ಭಾವನ ಪುಸ್ತಕದ ಪ್ರಕಾರ ಮೀನು ಬಿಡುವ ಮೊದಲು ತೊಟ್ಟಿಗೆ ಜೀವಂತ ಕಲ್ಲು ಇಳಿಸಬೇಕು. ಕಲ್ಲಿಗೆ ಎಲ್ಲಿಯ ಜೀವ ಎನ್ನಬೇಡಿ. ಕಡಲಿನಲ್ಲಿ ವರ್ಷಗಟ್ಟಲೆ ಬಿದ್ದ ಕಲ್ಲಿನ ಸಂದುಗೊಂದುಗಳಲ್ಲಿ ಪಾಚಿ, ಹುಳ, ಚಿಪ್ಪಿನ ಪ್ರಾಣಿ, ಕಣ್ಣಿಗೆ ಕಾಣದ ಅಣುಜೀವಿಗಳು ಸಂಸಾರ ಹೂಡಿರುತ್ತವೆ. ಮೀನಿನ ಕೊಳೆಯನ್ನು ತಿಂದು ನೀರನ್ನು ಶುದ್ಧವಾಗಿಡುವ ಕೆಲಸ ಅವುಗಳದ್ದು.

ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಸುರತ್ಕಲ್ಲಿನ ಕಡಲ ಬದಿಗೆ ಹೋದೆ. ನೀರು ಇಳಿದಾಗ ಬಂಡೆಗಳ ನಡುವಿನಿಂದ ಸಣ್ಣ ಕುಂಬಳಕಾಯಿಯಷ್ಟು ದೊಡ್ಡ ಕಲ್ಲೊಂದನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ತಂದವನು ನೇರ ಬಾವಿಕಟ್ಟೆಗೆ ಹೋಗಿ ಅದರ ಮೇಲೆ ಎರಡು ಕೊಡಪಾನ ಸಿಹಿನೀರು ಸುರಿದು ಚೆನ್ನಾಗಿ ತೊಳೆದೆ.

ನಮ್ಮ ಕಡೆ ಕಡಲಿನಿಂದ ಬಂದದ್ದು ಏನೇ ಇರಲಿ, ಚಪ್ಪಲಿ, ಚಿಪ್ಪು, ಕೊನೆಗೆ ನಾವೇ ಆಗಲಿ, ಬಾವಿಯ ನೀರು ಹೊಯ್ದುಕೊಳ್ಳದೆ ಒಳಗೆ ಹೋಗುವ ಕ್ರಮವೇ ಇಲ್ಲ. ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿತು. ಅದೇ ವಾರ ತರಗತಿಯಲ್ಲಿ ಒಣದ್ರಾಕ್ಷಿಯನ್ನು ನೀರಿಗೆ ಹಾಕಿ, ಸಿಹಿನೀರು ಜೀವಕೋಶದ ಒಳಗೆ ನುಗ್ಗಿ ಹೇಗೆ ಉಬ್ಬಿಸುತ್ತದೆ ಎಂದು ನಾನೇ ಮಕ್ಕಳಿಗೆ ತೋರಿಸಿದ್ದೆ. ಓದಿದ್ದು ಬ್ರಹ್ಮಾಂಡ, ಬಾವಿಕಟ್ಟೆಗೆ ಬಂದಾಗ ಸೊನ್ನೆ.

ಮೂರನೆಯ ದಿನ ತೊಟ್ಟಿಯ ನೀರು ಗಂಜಿತಿಳಿಯ ಹಾಗೆ ಬೆಳ್ಳಗಾಯಿತು. ನಾಲ್ಕನೆಯ ದಿನ ಸಂಜೆ ಅಮ್ಮ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮಾಸ್ಟ್ರೇ, ಒಳಗೆ ಮೀನು ಬೇಯಿಸಿದಿರಾ?"

"ಇಲ್ಲಮ್ಮ. ಅದು ಕಲ್ಲು."

"ಕಲ್ಲು ನಾರುತ್ತದಾ ಮಾರಾಯ್ರೆ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕಲ್ಲಿನೊಳಗೆ ಜೀವಗಳಿದ್ದವು, ಸಿಹಿನೀರು ಹೊಯ್ದು ನಾನೇ ಕೊಂದೆ ಎಂದೆ. ಅವರು ಬೈದಿದ್ದರೆ ಸಹಿಸಬಹುದಿತ್ತು. ಬೈಯಲಿಲ್ಲ, "ಎಷ್ಟು ಜೀವ?" ಎಂದು ಮೆಲ್ಲಗೆ ಕೇಳಿದರು. ಲೆಕ್ಕ ಸಿಗುವಂಥದ್ದಲ್ಲ ಎಂದಾಗ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾಚಿಕೆಯಿಂದ ನನಗೆ ಸಾಯುವಷ್ಟಾಯಿತು.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಬಾವಿಯ ಹತ್ತಿರ ಕರೆದರು. ದಿನವೂ ನೋಡುತ್ತಿದ್ದ ಕೆಲಸವೇ, ಆದರೆ ಸರಿಯಾಗಿ ನೋಡಿದ್ದು ಅಂದೇ. ಸೇದಿದ ನೀರನ್ನು ಮಡಚಿದ ಬಿಳಿ ಬಟ್ಟೆಯಲ್ಲಿ ಸೋಸಿದರು. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಬಟ್ಟೆಗೆ ಅಂಟಿದ್ದ ಸಣ್ಣ ಜೀವಗಳನ್ನೆಲ್ಲ ಒಂದು ತಂಬಿಗೆಗೆ ಇಳಿಸಿದರು. ತಂಬಿಗೆಯ ಕುತ್ತಿಗೆಗೆ ಒಂದು ಹಗ್ಗ, ಅಡಿಗೆ ಇನ್ನೊಂದು. ಅದು ಬಾವಿಯ ನೀರನ್ನು ಮುಟ್ಟುವವರೆಗೆ ಮೆಲ್ಲನೆ ಬಿಟ್ಟು, ಅಡಿಯ ಹಗ್ಗ ಎಳೆದು ಮಗುಚಿದರು.

"ಮೇಲಿನಿಂದ ಎಸೆದರೆ ಪೆಟ್ಟಾಗುತ್ತದೆ," ಎಂದರು. "ಮತ್ತೆ, ಈ ಬಾವಿಯದ್ದು ಈ ಬಾವಿಗೇ ಹೋಗಬೇಕು. ನೆರೆಮನೆಯ ಬಾವಿಗೂ ಹಾಕಬಾರದು, ಆ ನೀರು ಇದಕ್ಕೆ ಆಗುವುದಿಲ್ಲ. ನೀವು ಕಲಿತವರು, ಇಷ್ಟು ಗೊತ್ತಿಲ್ಲವಾ?"

ಎರಡು ಪೀರಿಯಡ್ ಪಾಠ ಮಾಡಿದರೂ ನಾನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಅವರು ಷರತ್ತು ಹಾಕಿ ಒಪ್ಪಿದರು. ಕಲ್ಲು ಅದರದ್ದೇ ನೀರಿನಲ್ಲಿ ಬರಬೇಕು, ತೊಟ್ಟಿಯಿಂದ ತೆಗೆದ ನೀರು ತೆಂಗಿನ ಬುಡಕ್ಕಲ್ಲ, ಕಡಲಿಗೇ ಹೋಗಬೇಕು. ಬರುವ ಅಮಾವಾಸ್ಯೆಯೊಳಗೆ ಮತ್ತೆ ನಾತ ಬಂದರೆ ತೊಟ್ಟಿಯ ಜೊತೆ ಮಾಸ್ಟ್ರೂ ಬೇರೆ ಮನೆ ನೋಡಿಕೊಳ್ಳಬೇಕು.

ಹೀಗಾಗಿ ಎರಡನೆಯ ಕಲ್ಲು ಬಂದದ್ದು ಬಾಯಿ ಕತ್ತರಿಸಿದ ಎಣ್ಣೆ ಕ್ಯಾನಿನಲ್ಲಿ, ಕಡಲಿನ ನೀರಿನಲ್ಲಿ ಮುಳುಗಿಕೊಂಡು. ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ.

"ಎಂಥ ಮೀನು?"

"ಮೀನಲ್ಲ, ಕಲ್ಲು."

"ಕಲ್ಲಿಗೆ ಯಾಕೆ ನೀರು?"

"ಬಾಯಾರಿಕೆ ಉಂಟು ಅದಕ್ಕೆ," ಎಂದೆ. ಅವನು ಮತ್ತೆ ನನ್ನ ತಂಟೆಗೆ ಬರಲಿಲ್ಲ.

ಅಮಾವಾಸ್ಯೆಗೆ ಹದಿನೆಂಟು ದಿನ ಇತ್ತು. ಎದ್ದ ಕೂಡಲೇ ತೊಟ್ಟಿಗೆ ಮೂಗು ಹಚ್ಚುವುದು ನನ್ನ ಮೊದಲ ಕೆಲಸವಾಯಿತು. ನೋಡಲು ಬಂದ ವಿದ್ಯಾರ್ಥಿಗಳು "ಸರ್, ಮೀನೆಲ್ಲಿ?" ಎಂದು ಕೇಳಿ, ಬರೀ ಕಲ್ಲನ್ನು ನೋಡಿ, ನನ್ನನ್ನು ನೋಡಿ, ಸುಮ್ಮನೆ ಹೋಗುತ್ತಿದ್ದರು. ಅಮ್ಮ ಒಳಗೆ ಬರುತ್ತಿರಲಿಲ್ಲ. ಹೊತ್ತು ಕಂತುವ ಮೊದಲೇ ಊಟ ಮುಗಿಸಿ, ಕಿಟಕಿಯ ಹೊರಗೆ ನಿಂತು ಒಮ್ಮೆ ಉಸಿರೆಳೆದು ಹೋಗುತ್ತಿದ್ದರು. ಆ ಉಸಿರಿನ ಸದ್ದಿಗೆ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಕಾಲೇಜಿನಿಂದ ಬಂದರೆ ಅಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನಾನು ಅಂಗಳದಲ್ಲೇ ನಿಂತು ಒಮ್ಮೆ ಉಸಿರೆಳೆದು ನೋಡಿದೆ.

"ಬೇಗ ಬನ್ನಿ ಮಾಸ್ಟ್ರೇ. ಕಲ್ಲಿಗೆ ಕೈ ಬಂದಿದೆ."

ಕಲ್ಲಿನ ಮೈಗೆ ಅಂಟಿದ್ದ ಸಣ್ಣ ಚಿಪ್ಪೊಂದು ಬಾಯಿ ತೆರೆದು, ಗರಿಯಂಥ ಕೈಯನ್ನು ಹೊರಚಾಚಿ ನೀರನ್ನು ಬಾಚಿ ಒಳಗೆಳೆದುಕೊಳ್ಳುತ್ತಿತ್ತು. ನೋಡುತ್ತಿದ್ದ ಹಾಗೆ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಅಮ್ಮ ಒಳಗೆ ಬಂದರು, ಕುರ್ಚಿ ಎಳೆದು ಕುಳಿತರು. ನಾನು ಚಹಾ ಮಾಡಿಕೊಂಡು ಅವರ ಪಕ್ಕದಲ್ಲಿ ಕುಳಿತೆ. ಆ ದಿನದಷ್ಟು ಸಂತೋಷ ನನಗೆ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಆಮೇಲೆ ಎರಡು ಮೀನೂ ಬಂದವು. ಅಮ್ಮ ಅವುಗಳ ಕಡೆ ಅಷ್ಟು ಗಮನ ಕೊಡಲಿಲ್ಲ. ಅವರಿಗೆ ಕಲ್ಲೇ ಪ್ರೀತಿ. ಎರಡು ವಾರಕ್ಕೊಮ್ಮೆ ಹಳೆಯ ನೀರನ್ನು ಬೇರೊಂದು ಕ್ಯಾನಿನಲ್ಲಿ ತುಂಬಿಸಿ ನಾನು ಕಡಲಿಗೆ ಹೊರಡುವಾಗ, ಮುಚ್ಚಳ ಬಿಗಿಯಾಗಿದೆಯೇ ಎಂದು ಅವರೇ ನೋಡುತ್ತಿದ್ದರು.

ಐದು ವರ್ಷ ಹೀಗೆ ನಡೆಯಿತು. ನನಗೆ ಬೆಳ್ತಂಗಡಿಗೆ ವರ್ಗವಾಯಿತು, ಅಲ್ಲೇ ಹತ್ತಿರದ ಲಾಯಿಲದಲ್ಲಿ ಮನೆ ಗೊತ್ತುಮಾಡಿದೆ. ಮೀನುಗಳು ಒಬ್ಬ ಸಹೋದ್ಯೋಗಿಯ ತೊಟ್ಟಿಗೆ ಹೋದವು. ಕಲ್ಲನ್ನು ಏನು ಮಾಡುವುದೆಂದು ನಾನು ಕೇಳುವ ಮೊದಲೇ ಅಮ್ಮ ಸೀರೆ ಬದಲಿಸಿ, ಕೊಡೆ ಹಿಡಿದು ಜಗಲಿಯಲ್ಲಿ ನಿಂತಿದ್ದರು. "ಎಲ್ಲಿಂದ ತಂದಿರೋ ಅಲ್ಲಿಗೇ ಹೋಗುವ," ಎಂದರು.

ಕಲ್ಲನ್ನು ಮತ್ತೆ ಆ ಎಣ್ಣೆ ಕ್ಯಾನಿನಲ್ಲಿ ಮುಳುಗಿಸಿಕೊಂಡು ಸುರತ್ಕಲ್ಲಿನ ಅದೇ ಬಂಡೆಗಳ ಹತ್ತಿರ ಹೋದೆವು. ತೆರೆ ಜೋರಾಗಿತ್ತು. ಕಾಲು ಒದ್ದೆಯಾಗದಿರಲಿ ಎಂದು ನಾನು ದೂರದಿಂದಲೇ ಎಸೆಯಲು ಕಲ್ಲನ್ನು ಎತ್ತಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದರು.

"ಎಸೆಯಬೇಡಿ. ಇಳಿಸುವ."

ಮೊಣಕಾಲುದ್ದ ನೀರಿಗೆ ಇಬ್ಬರೂ ಇಳಿದೆವು. ಕಲ್ಲನ್ನು ಎರಡು ಬಂಡೆಗಳ ಸಂದಿನಲ್ಲಿ ಮೆಲ್ಲನೆ ಇಟ್ಟೆವು. ಆಮೇಲೆ ಅಮ್ಮ ಖಾಲಿ ಕ್ಯಾನನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು, ಮೂರು ಸಲವೂ ಕಡಲಿಗೇ ಮಗುಚಿದರು.

ಬಸ್ಸಿಗೆ ಕಾಯುತ್ತಿದ್ದಾಗ ನಮ್ಮಿಬ್ಬರ ಕಾಲಿಗೂ ಮರಳು ಮೆತ್ತಿಕೊಂಡಿತ್ತು. ಹತ್ತಿರದಲ್ಲೇ ನಲ್ಲಿಯಿತ್ತು. ನಾನು ಅಭ್ಯಾಸದಂತೆ ಅದರ ಕಡೆ ಹೊರಟೆ.

"ಮೊದಲು ಸರಿಯಾಗಿ ನೋಡಿಕೊಳ್ಳಿ ಮಾಸ್ಟ್ರೇ," ಎಂದರು ಅಮ್ಮ. "ಕಾಲಿಗೆ ಯಾರಾದರೂ ಅಂಟಿಕೊಂಡು ಬಂದಿದ್ದಾರಾ ಅಂತ."

ನಾನು ಬಗ್ಗಿ ನೋಡಿದೆ.