ಎರಡನೇ ಕಾರ್ಡು, ಎರ್ಮಾಳಿನ ಪಾಗಾರ

ಕಾಪು ಪೇಟೆಯಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ನಮ್ಮ ಆಫೀಸಿನಲ್ಲಿ ಆ ಮಧ್ಯಾಹ್ನ ನಾಲ್ಕು ಜನ ಇದ್ದೆವು. ಮನೆಯ ನಕ್ಷೆ ಬಿಡಿಸುವ ನಾನು. ನನ್ನ ಪಾಲುದಾರನೂ ಹೆಂಡತಿಯ ಅಣ್ಣನೂ ಆದ ಭಾವ. ದುಬೈಯಿಂದ ರಜೆಯಲ್ಲಿ ಬಂದಿದ್ದ ಎರ್ಮಾಳಿನ ಗಿರಾಕಿ. ಮತ್ತು ಅವರ ತಂದೆ. ಈ ಹಿರಿಯರು ನಲವತ್ತು ವರ್ಷ ನಾಡದೋಣಿಯಲ್ಲಿ ಮೀನು ಹಿಡಿದು, ಮೊಣಕಾಲು ಕೈಕೊಟ್ಟ ಮೇಲೆ ದಡದಲ್ಲಿ ಉಳಿದವರು. ಎರಡು ಸಾವಿರದ ಇಸವಿ ಬಂದು ಏಳೆಂಟು ವರ್ಷ ಆಗಿತ್ತು. ಕಟ್ಟದ ಮನೆಯೊಳಗೆ ಕಂಪ್ಯೂಟರಿನಲ್ಲಿ ನಡೆದು ತೋರಿಸುವುದು ನಮ್ಮ ಕಡೆ ಆಗಷ್ಟೇ ಶುರುವಾದ ವಿದ್ಯೆ.

ಮಗನಿಗೆ ಮನೆ ಬೇಗ ಒಪ್ಪಿಗೆಯಾಗಬೇಕಿತ್ತು. ಗುರುವಾರ ಅವರ ವಿಮಾನ. ತಂದೆಗೆ ಒಂದೇ ಒಂದು ಸಂಗತಿ ಗೊತ್ತಾಗಬೇಕಿತ್ತು. ಅವರ ತಮ್ಮ ಇನ್ನೂ ದೋಣಿ ಇಳಿಸುತ್ತಿದ್ದರು. ಹಳೆಯ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ತಮ್ಮನ ದೋಣಿ ದಡಕ್ಕೆ ಬರುವುದನ್ನು ದಿನಾ ಬೆಳಿಗ್ಗೆ ನೋಡಿದ ಮೇಲೆಯೇ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದು. ಹೊಸ ಮನೆಯ ಜಗಲಿಯಂಥ ಸಿಟ್‌ಔಟಿನಿಂದ ಕಡಲು ಕಾಣುತ್ತದೋ ಇಲ್ಲವೋ? ನಕ್ಷೆಯ ಕಾಗದ ತಿರುಗಿಸಿ ತಿರುಗಿಸಿ ನೋಡಿದರೂ ಅವರಿಗೆ ಅದು ಗೆರೆಯಾಗಿಯೇ ಉಳಿಯಿತು.

ಪರದೆಯಲ್ಲಿ ತೋರಿಸಲು ಹೊರಟೆ. ಗೇಟು ದಾಟುವಷ್ಟರಲ್ಲಿ ಚಿತ್ರ ನಿಂತಿತು. ಮತ್ತೆ ಒಂದು ಹೆಜ್ಜೆ, ಮತ್ತೆ ನಿಂತಿತು. ನೋಡಿ ನೋಡಿ ಹಿರಿಯರ ತಲೆ ತಿರುಗಿತು. ನಲವತ್ತು ವರ್ಷ ಅಲೆಯ ಮೇಲೆ ತಿರುಗದ ತಲೆ.

ಎರಡು ದಿನ ಬಿಟ್ಟು ಬನ್ನಿ ಎಂದು ಅವರನ್ನು ಕಳಿಸಿ, ನಾನೂ ಭಾವನೂ ಚರ್ಚೆಗೆ ಕೂತೆವು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಹಳತಾಗಿದೆ, ಹೊಸತು ತರುವ ಎಂದು ಭಾವ. ಉಡುಪಿಯ ಅಂಗಡಿಗೆ ಫೋನ್ ಮಾಡಿದರೆ, ಬೆಂಗಳೂರಿನಿಂದ ಬರಬೇಕು, ವಾರ ಆದೀತು ಎಂದರು. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ನಮ್ಮ ಕಂಪ್ಯೂಟರಿನ ಒಳಗಿನ ಬೋರ್ಡಿನಲ್ಲಿ ಎರಡು ಕಾರ್ಡಿಗೆ ಜಾಗ ಇತ್ತು. ಇದೇ ಜಾತಿಯ ಇನ್ನೊಂದು ಹಳೆ ಕಾರ್ಡು ಸಿಕ್ಕಿದರೆ ಎರಡನ್ನೂ ಜೋಡಿಸಿ ಕೆಲಸ ಹಂಚಬಹುದು ಎಂದು ಎಲ್ಲೋ ಓದಿದ್ದೆ. ಕಾರ್ಕಳದ ನನ್ನ ಅಜ್ಜಿ ಹೇಳುತ್ತಿದ್ದರು, ಇಬ್ಬರು ಹೊತ್ತರೆ ಹೊರೆ ಅರ್ಧ ಎಂದು. ಅಜ್ಜಿಯ ಮಾತು ಕಂಪ್ಯೂಟರಿಗೆ ಹೊಂದದೆ ಹೋದೀತೇ? ನೋಡಿಯೇ ಬಿಡುವ ಎಂಬ ಕುತೂಹಲವೇ ನನಗೆ ಹೆಚ್ಚಿತ್ತು.

ಪರೀಕ್ಷೆ ಮುಗಿದ ಮೇಲೆ ಮಣಿಪಾಲದ ಹಾಸ್ಟೆಲುಗಳಲ್ಲಿ ಊರಿಗೆ ಹೊರಟ ಹುಡುಗರು ಹಾಸಿಗೆ, ಫ್ಯಾನು, ಬಕೆಟ್ಟು, ಕಂಪ್ಯೂಟರಿನ ಭಾಗಗಳನ್ನೆಲ್ಲ ಮಾರಿ ಹೋಗುತ್ತಾರೆ. ಜೆರಾಕ್ಸ್ ಅಂಗಡಿಯ ಗೋಡೆ ತುಂಬ ಚೀಟಿ. ಅಲ್ಲಿ ಹುಡುಕಿದಾಗ ನಮ್ಮದರದ್ದೇ ಜೋಡಿ ಸಿಕ್ಕಿತು. ಕೊಟ್ಟ ವಿದ್ಯಾರ್ಥಿ ದೆಹಲಿ ಕಡೆಯವನು. ನೀವು ಯಾವ ಗೇಮ್ ಆಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಮನೆ ಕಟ್ಟುತ್ತೇನೆ ಎಂದೆ. ಆ ಗೇಮ್ ತಾನು ಆಡಿಲ್ಲ ಎಂದ.

ಹೇಳಿದ ದಿನ ತಂದೆ ಮಗ ಬರುವಾಗ ಎರಡೂ ಕಾರ್ಡು ಪಕ್ಕಪಕ್ಕ ಕೂತು, ಮೇಲೊಂದು ಸಣ್ಣ ಪಟ್ಟಿ ಅವನ್ನು ಜೋಡಿಸಿತ್ತು. ಫ್ಯಾನುಗಳ ಸದ್ದು ಮಿಕ್ಸಿಯಲ್ಲಿ ತೆಂಗಿನಕಾಯಿ ರುಬ್ಬಿದಂತೆ. ಭಾವ ಮೊದಲು ಒಂದು ಕಾರ್ ರೇಸ್ ಓಡಿಸಿ ನೋಡಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ನನಗೆ ಗೆದ್ದ ಖುಷಿ. ಮನೆಯ ಫೈಲು ತೆರೆದೆ. ಚಿತ್ರ ಮತ್ತೆ ಗೇಟಿನ ಹತ್ತಿರ ನಿಂತಿತು.

ನಾನು ನಂಬಲಿಲ್ಲ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅಂಕೆ ಪರದೆಯ ಮೂಲೆಯಲ್ಲಿ ಬರುತ್ತಿತ್ತು: ನಾಲ್ಕು. ಒಂದು ಕಾರ್ಡು ಕಿತ್ತು ನೋಡಿದೆ: ನಾಲ್ಕು. ಕಾರ್ಡು ಅದಲುಬದಲು ಮಾಡಿದೆ: ಆಗಲೂ ನಾಲ್ಕೇ. ಮಗ ಗಡಿಯಾರ ನೋಡುತ್ತಿದ್ದರು. ಹಿರಿಯರು ಮಾತ್ರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಅವರು ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಇದು ಎರಡು ಇಂಜಿನಿನ ಹಾಗೆ ಅಲ್ವಾ?"

ಹೌದು ಎಂದೆ.

"ನಾವೂ ಒಮ್ಮೆ ದೋಣಿಗೆ ಎರಡು ಕಟ್ಟಿದ್ದೆವು. ಸೀಮೆಎಣ್ಣೆ ಕುಡಿಯಿತು, ಅಷ್ಟೇ." ಪೆಟ್ಟಿಗೆಯ ಕಡೆ ಬೆರಳು ತೋರಿಸಿ ಕೇಳಿದರು, "ಇಂಜಿನಿಯರ್ರೇ, ಇದರೊಳಗೆ ಭಾರ ಎಂತದ್ದು ಉಂಟು?"

ನಾನು ಇಂಜಿನಿಯರ್ ಅಲ್ಲ, ಬರೀ ನಕ್ಷೆ ಬಿಡಿಸುವವ ಎಂದು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಆ ದಿನ ತಿದ್ದಲಿಲ್ಲ. ಪ್ರಶ್ನೆ ನೆಟ್ಟಗೆ ಬಂದು ತಾಗಿತ್ತು. ಭಾರ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಹೇಳಲು ನಾಚಿಕೆ.

ಭಾರ ಇದ್ದದ್ದು ಮಾಡಿನ, ಅಂದರೆ ಛಾವಣಿಯ, ಹಂಚಿನಲ್ಲಿ. ಅಜ್ಜಿಮನೆಯ ಹಂಚಿನ ಕೆಳಗೆ ಮಲಗಿ ಬೆಳೆದವ ನಾನು. ಆ ಪ್ರೀತಿಗೆ ಈ ಮನೆಯ ಮಾಡಿಗೆ ಸಾವಿರಾರು ಹಂಚುಗಳನ್ನು ಒಂದೊಂದಾಗಿ ಹೊದೆಸಿದ್ದೆ. ಪ್ರತಿಯೊಂದಕ್ಕೂ ನೀರು ಹರಿಯುವ ಗೀರು, ಕೊಂಡಿ ಕೂರುವ ತುಟಿ, ಎಲ್ಲ. ಅಷ್ಟೇ ಆಗಿದ್ದರೆ ಸರಿ. ಹಂಚನ್ನು ಮಗುಚಿ, ಅಡಿಯಲ್ಲಿ ಕಾರ್ಖಾನೆಯವರು ಒತ್ತುವ ಮುದ್ರೆಯನ್ನೂ ಕೆತ್ತಿದ್ದೆ.

ಭಾವ ಹತ್ತಿರ ಬಂದು ನೋಡಿದ.

"ಈ ಮುದ್ರೆ ಯಾರಿಗೆ ತೋರಿಸ್ಲಿಕ್ಕೆ? ಮಾಡಿನ ಮೇಲೆ ಕೂತ ಕಾಗೆಗೂ ಕಾಣುದಿಲ್ಲ ಮಾರಾಯ."

ಹಂಚುಗಳನ್ನೆಲ್ಲ ಅಳಿಸಿ, ಒಂದು ಚಪ್ಪಟೆ ಮಾಡು ಇಟ್ಟು, ಅದಕ್ಕೆ ಹಂಚಿನ ಫೋಟೋ ಅಂಟಿಸಿದೆ. ಅಂಕೆ ಮೂವತ್ತು ದಾಟಿತು, ಅದೂ ನಮ್ಮ ಹಳೆಯ ಒಂದೇ ಕಾರ್ಡಿನಲ್ಲಿ. ಕಾರ್ಡು ಬಿಡಿಸುವುದು ಚಿತ್ರವನ್ನು. ಇಷ್ಟು ಸಾವಿರ ತುಂಡುಗಳನ್ನು ಎಣಿಸಿ ಅದಕ್ಕೆ ಒಪ್ಪಿಸಬೇಕಾದದ್ದು ಕಂಪ್ಯೂಟರಿನ ಪ್ರೊಸೆಸರ್ ಎಂಬ ಇನ್ನೊಂದು ಭಾಗ, ಸುಸ್ತಾದದ್ದು ಅದು ಎಂದು ಆಮೇಲೆ ತಿಳಿದವರು ಹೇಳಿದರು. ಹೊಸ ಕಾರ್ಡು ತಂದಿದ್ದರೂ ಗೇಟಿನ ಹತ್ತಿರವೇ ನಿಲ್ಲುತ್ತಿದ್ದೆವೋ ಏನೋ. ನಾನೂ ಭಾವನೂ ಇಬ್ಬರೂ ಸೋತ ಚರ್ಚೆ ಅದು.

ಗೇಟು ದಾಟಿದೆವು, ಅಂಗಳ ದಾಟಿದೆವು, ಸಿಟ್‌ಔಟ್ ಹತ್ತಿದೆವು. ತಿರುಗಿ ನಿಂತರೆ ಅಂಗಳದ ಸುತ್ತಿನ ಪಾಗಾರದ ಆಚೆ ನೀಲಿ ಕಡಲು. ಮಗನ ಮುಖ ಅರಳಿತು. ಹಿರಿಯರು ಅಲ್ಲಾಡಲಿಲ್ಲ.

"ಇದು ನಿಂತವನ ಕಣ್ಣು. ನಾನು ಕೂತಿರುವವ."

ಕಣ್ಣನ್ನು ಕುರ್ಚಿಯ ಎತ್ತರಕ್ಕೆ ಇಳಿಸಿದೆ. ಕಡಲು ಹೋಯಿತು. ಪರದೆ ತುಂಬ ಪಾಗಾರದ ಗೋಡೆ, ಮೇಲೆ ಒಂದು ಚೂರು ಆಕಾಶ.

ಮಗ, ಕಳ್ಳಕಾಕರಿಗೆ ಮನೆ ಕಾಣಬಾರದು ಎಂದೇ ಎತ್ತರ ಕೇಳಿದ್ದು ಎಂದರು.

"ಅವರಿಗೆ ಕಾಣುದಿಲ್ಲ, ಸರಿ," ಎಂದರು ತಂದೆ. "ನನಗೂ ಕಾಣುದಿಲ್ಲ. ಬೆಳಿಗ್ಗೆ ನಾನು ಎಂತ ನೋಡುದು ಮಗ, ಗೋಡೆಯಾ?"

ಮಗ ನನ್ನ ಕಡೆ ತಿರುಗಿ, ಪಾಗಾರ ಎಷ್ಟು ಇಳಿಸಿದರೆ ಕಾಣುತ್ತದೆ ನೋಡಿ ಎಂದರು. ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋದೆ. ಮೂರಡಿಗೆ ಬಂದಾಗ ಹಿರಿಯರು ಕೈ ಎತ್ತಿದರು. ಮಗ ಅಲ್ಲೇ ನಕ್ಷೆಗೆ ಸಹಿ ಹಾಕಿ ಗುರುವಾರ ವಿಮಾನ ಹತ್ತಿದರು.

ಮುಂದಿನ ಬೇಸಿಗೆಯಲ್ಲಿ ಪಾಗಾರ ಎದ್ದಿತು. ಬಾಗಲಕೋಟೆ ಕಡೆಯ ಮೇಸ್ತ್ರಿ, ಎಲ್ಲರ ಮನೆಗೂ ಕಟ್ಟುವ ಅಂದಾಜಿನಲ್ಲಿ ಕೆಂಪುಕಲ್ಲನ್ನು ಒಂದರ ಮೇಲೊಂದು ಎರಡು ವರಸೆ ಹೆಚ್ಚು ಇಟ್ಟುಬಿಟ್ಟಿದ್ದರು. ಹಿರಿಯರು ಕುರ್ಚಿ ತರಿಸಿ, ಇನ್ನೂ ಸಿಮೆಂಟು ಹಸಿ ಇದ್ದ ಸಿಟ್‌ಔಟಿನ ಮೇಲೆ ಹಲಗೆ ಹಾಸಿ ಕೂತರು. ಮೇಸ್ತ್ರಿಯನ್ನೂ ಕರೆದು ಅದೇ ಕುರ್ಚಿಯಲ್ಲಿ ಕೂರಿಸಿ, ಕಡಲು ಕಾಣುತ್ತದೋ ನೋಡಿ ಎಂದರು. ಮೇಸ್ತ್ರಿ ಎದ್ದು ಹೋಗಿ, ಎರಡು ವರಸೆ ಕಲ್ಲನ್ನು ಬಿಚ್ಚಿ ಕೆಳಗಿಟ್ಟರು.