ಕಾರಣವಿಲ್ಲದೆ ನಿಲ್ಲುವ ಪ್ರಾಣಿ

ಸಕಾಕಿ ಮೊತೊಹಾರು ಮಾತಿನಲ್ಲಿ ಬಲು ಜಿಪುಣ. ಮೈಜುರು ಬಂದರಿನ ಕ್ಷೌರಿಕನ ಮಗ. ಹತ್ತೊಂಬತ್ತಕ್ಕೇ ಕ್ಯೋಟೋದ ಪುಟ್ಟದೊಂದು ವಿಡಿಯೋ ಗೇಮ್ ಕಂಪನಿ ಸೇರಿದವನು ಮೂವತ್ತೆರಡು ವರ್ಷ ಕಳೆದರೂ ಅದೇ ಕುರ್ಚಿಯಲ್ಲಿದ್ದಾನೆ. ಆಟದ ಪಾತ್ರಗಳಿಗೆ ನಡಿಗೆ ಕಲಿಸುವುದು ಅವನ ಕೆಲಸ.

ಆ ವರ್ಷದ ಆಟದಲ್ಲಿ ಬೆಟ್ಟದೂರುಗಳಿಗೆ ಕಾಗದ ಹಂಚುವ ಹುಡುಗಿಯೊಬ್ಬಳು. ಅವಳ ಜೊತೆಗೆ ಕರಡಿಯಷ್ಟು ದೊಡ್ಡ, ಮಾತು ಬಾರದ ಪ್ರಾಣಿ. ಆಟದ ನಿರ್ದೇಶಕಿ ಕುವಾಹಾರಾಗೆ ಅದು ರುಚಿಸಲಿಲ್ಲ.

"ಸಕಾಕಿ ಸಾನ್, ಇದು ಥೇಟ್ ನಿಮ್ ಹಾಗೇ! ಪಕ್ಕದಲ್ಲಿದ್ರೂ ಇದೆ ಅಂತ ಗೊತ್ತಾಗಲ್ಲ. 'ನಾನಿದೀನಿ, ಹೆದರ್ಬೇಡ' ಅಂತಾದ್ರೂ ಅನ್ನಿಸಿ."

"ಜೊತೇಲಿ ಇರೋರು ಯಾರು ಹಾಗೆ ಹೇಳ್ಕೊಂಡು ಓಡಾಡ್ತಾರೆ?" ಎಂದು ಗೊಣಗಿ ಅವನು ಪರದೆಯತ್ತ ತಿರುಗಿದ.

ಅದೇ ವಾರ ಅವನ ಹೆಂಡತಿ ಸೆತ್ಸುಯೋ ಬಚ್ಚಲಿನಲ್ಲಿ ಜಾರಿ ಪಾದ ಉಳುಕಿಸಿಕೊಂಡಳು. ಕೋಲು ಹಿಡಿ ಎಂದರೆ ಕೇಳುವವಳಲ್ಲ. ಭಾನುವಾರ ಅವಳು ಮಾರುಕಟ್ಟೆಗೆ ಹೊರಟಾಗ ಇವನೂ ಚೀಲ ಹಿಡಿದು ಜೊತೆಯಾದ. ಅವಳ ಹೆಜ್ಜೆ ಭಾರವಾದಾಗಲೆಲ್ಲ ಯಾವುದಾದರೂ ಅಂಗಡಿಯೆದುರು ನಿಂತು ಮೂಲಂಗಿ ಉಪ್ಪಿನಕಾಯಿಯನ್ನು ದಿಟ್ಟಿಸತೊಡಗಿದ.

ಐದನೆಯ ಅಂಗಡಿಯಲ್ಲಿ ಸೆತ್ಸುಯೋ ಸೊಂಟಕ್ಕೆ ಕೈಯಿಟ್ಟಳು. "ಏನ್ರೀ, ಮದುವೆಯಾದಾಗಿಂದ ಮೂಲಂಗಿ ಮುಟ್ಟಿದವರಲ್ಲ. ಇವತ್ತೇನು ಅದರ ಮೇಲೆ ಈ ಪಾಟಿ ಪ್ರೀತಿ?"

"ಬಣ್ಣ ಚೆನ್ನಾಗಿದೆ."

"ಬಣ್ಣವಂತೆ ಬಣ್ಣ! ನನ್ ಕಾಲಿಗೋಸ್ಕರ ನಿಲ್ತಿದೀರ ಅಂತ ಗೊತ್ತಾಗಲ್ವಾ ನಂಗೆ?"

ಹಾಗೆಂದವಳು, ಮುಂದಿನ ಅಂಗಡಿಯಲ್ಲಿ ಅವನು ನಿಂತಾಗ ತುಟಿ ಬಿಚ್ಚದೆ ತಾನೂ ನಿಂತಳು.

ಸೋಮವಾರ ಮೊತೊಹಾರು ಪ್ರಾಣಿಯ ನಡಿಗೆಯನ್ನು ತಿದ್ದಿದ. ಹುಡುಗಿಗೆ ದಣಿವಾದರೆ ಅದು ತಾನಾಗಿ ನಿಂತು ದಾರಿಬದಿಯ ಹೂ ಮೂಸುತ್ತದೆ. ಅವಳ ಉಸಿರು ಹದಕ್ಕೆ ಬಂದ ಮೇಲೆಯೇ ಮತ್ತೆ ಹೆಜ್ಜೆ ಕೀಳುತ್ತದೆ.

ಆಟವನ್ನು ಪರೀಕ್ಷಿಸುವವರು ದೋಷಗಳ ಪಟ್ಟಿಯಲ್ಲಿ ಬರೆದರು: 'ಪ್ರಾಣಿ ಕಾರಣವಿಲ್ಲದೆ ನಿಲ್ಲುತ್ತದೆ. ಸರಿಪಡಿಸಿ.'

ಕುವಾಹಾರಾ ತಾನೇ ಆಡಿ ನೋಡಲು ಕುಳಿತಳು. ಮೂರನೆಯ ಬೆಟ್ಟ ಹತ್ತುವಾಗ ಪ್ರಾಣಿ ನಿಂತಿತು. "ಪಾಪ, ಸುಸ್ತಾಗಿದೆ ಇದಕ್ಕೆ" ಎಂದು ಅವಳೂ ಕಾದಳು. ಸುಸ್ತು ಯಾರದೆಂದು ಹೊಳೆದದ್ದು ಕಾದ ಮೇಲೆಯೇ. ಪಟ್ಟಿಯ ಆ ಸಾಲನ್ನು ಹೊಡೆದುಹಾಕಿ ಅವನ ಮೇಜಿನ ಬಳಿಗೆ ಬಂದಳು.

"ಇದನ್ನ ಆಟದಲ್ಲಿ ಎಲ್ಲೂ ವಿವರಿಸೋದು ಬೇಡ. ಆಡೋರೇ ಕಂಡ್ಕೊಳ್ಲಿ."

"ಕಾಣದಿದ್ರೂ ಪರವಾಗಿಲ್ಲ. ದಣಿವು ಆರುತ್ತಲ್ಲ, ಸಾಕು" ಎಂದ ಮೊತೊಹಾರು.

ಆಟ ಹೊರಬಂದ ಮೇಲೆ ಕೆಲವರು ಸೋಮಾರಿ ಪ್ರಾಣಿಯೆಂದು ಬೈದು ಬರೆದರು. ಕಡೆಯ ಊರಿಗೆ ಕಾಗದ ತಲುಪಿಸಿದರೆ ಆ ಪ್ರಾಣಿಯನ್ನು ಅಗಲಬೇಕಲ್ಲ ಎಂದು ಆಟ ಮುಗಿಸದೆ ಉಳಿಸಿಕೊಂಡವರೂ ಇದ್ದರು. ಮೊತೊಹಾರು ಆಗಲೇ ಮುಂದಿನ ಆಟದ ಕುಂಟ ಬಾತುಕೋಳಿಗೆ ನಡಿಗೆ ಕಲಿಸುತ್ತಿದ್ದ.